ಐದನೆಯ ಸಾಲಿನ ಶ್ರೀಮಂತ

ಮಾಳಪ್ಪ ತನ್ನ ಮಗನಿಗೆ ಶ್ರೀಮಂತ ಅಂತ ಹೆಸರಿಟ್ಟ ದಿನ ನಾಸಿಕದ ಹತ್ತಿರ ಚಾಂದವಡದ ಕಲ್ಲಿನ ಖಣಿಯಲ್ಲಿ ನಗದವರಿರಲಿಲ್ಲ. ಅವನೇನು ಆಸೆಬಿದ್ದು ಇಟ್ಟ ಹೆಸರಲ್ಲ ಅದು. ಜೇವರ್ಗಿ ಕಡೆ ಅವನ ಊರಲ್ಲಿ ಓಣಿಗಿಬ್ಬರು ಶ್ರೀಮಂತರು ಸಿಗುತ್ತಾರೆ. ಅವನ ಸೋದರಮಾವನೂ ಶ್ರೀಮಂತನೇ, ಮಂದಿಯ ಎಮ್ಮೆ ಕಾಯುತ್ತಿದ್ದ. ಆದರೆ ಖಣಿಯ ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ ಮರಾಠಿಯವನು. ಮರಾಠಿಯಲ್ಲಿ ಆ ಮಾತಿನ ತೂಕವೇ ಬೇರೆ. ಅಲ್ಲಿ ಶ್ರೀಮಂತ ಅಂದರೆ ಹೆಸರಿನ ತಲೆಗೆ ಸುತ್ತುವ ಪೇಟ. ರಾಜಮನೆತನದವರು, ದೊಡ್ಡ ವಾಡೆಯವರು ಲಗ್ನಪತ್ರಿಕೆಯಲ್ಲಿ ತಮ್ಮ ಹೆಸರಿಗೆ ಮೊದಲು ಹಾಕಿಸಿಕೊಳ್ಳುವ ಮರ್ಯಾದೆ.

"ಪೇಟ ಬಂತು, ತಲೆ ಎಲ್ಲಿ ಮಾಳಪ್ಪಾ?" ಅಂತ ಮುಕಾದಮ ಕೇಳಿದ. "ಶ್ರೀಮಂತ ಅಂದಮೇಲೆ ಮುಂದೆ ಒಂದು ಹೆಸರು ಬೇಕಲ್ಲೋ."

"ಮುಂದ ನಾ ಅದೀನಲ್ರಿ," ಅಂದ ಮಾಳಪ್ಪ. ಮಹಾರಾಷ್ಟ್ರದಲ್ಲಿ ಮಗನ ಹೆಸರಿನ ಬೆನ್ನಿಗೆ ಅಪ್ಪನ ಹೆಸರು ಬರುತ್ತದೆ ಅನ್ನುವಷ್ಟು ಅವನಿಗೂ ಗೊತ್ತಿತ್ತು.

ಖಣಿಯಲ್ಲಿ ಅವನಷ್ಟೇ ಹೆಸರು ಮಾಡಿದವಳು ಅವನ ಹೆಂಡತಿ ಮಲಕವ್ವ. ಗುಡ್ಡದಿಂದ ಕರಿಕಲ್ಲು ಬಿಡಿಸುವುದು, ಸೀಳುವುದು, ಅಕ್ಷರ ಕಡೆಯುವುದು ಗಂಡನ ಕೆಲಸ. ಕಲ್ಲಿಗೆ ಮುಖ ತೆಗೆಯುವುದು ಅವಳದು. ಹಲ್ಲುಹಲ್ಲಿನ ಸುತ್ತಿಗೆ ಹಿಡಿದು ಸಣ್ಣಗೆ ಬಡಿಯುತ್ತ ಹೋದಳೆಂದರೆ ಎಂಟು ಫೂಟಿನ ಕಲ್ಲು ರೊಟ್ಟಿ ತಟ್ಟುವ ಹಲಗೆಯಂತೆ ಸಪಾಟಾಗುತ್ತಿತ್ತು. ಇಂಥ ಮಲಕವ್ವ ಗಂಡನ ಹೆಸರನ್ನು ಮಾತ್ರ ಒಂದು ದಿನವೂ ಬಾಯಿಂದ ತೆಗೆದವಳಲ್ಲ. ಹಿರಿಯ ಮಗಳು ಮಂಗಲಾ ಹುಟ್ಟುವಾಗ ನಾಸಿಕದ ದವಾಖಾನೆಯ ನರ್ಸು, ಗಂಡನ ಹೆಸರೇನು ಅಂತ ಕೇಳಿದ್ದಕ್ಕೆ ಕಿಟಕಿಯಾಚೆಯ ಬೋಳು ಮಾಳದ ಕಡೆ ಬೊಟ್ಟು ಮಾಡಿ ತೋರಿಸಿದ್ದಳು. ನರ್ಸು ಕಾಗದದಲ್ಲಿ ಡೋಂಗರ, ಅಂದರೆ ಗುಡ್ಡ, ಅಂತ ಬರೆದುಕೊಂಡಳು. ಅದನ್ನು ತಿದ್ದಿಸಲು ಮಾಳಪ್ಪನಿಗೆ ಮೂರು ಸುತ್ತು ಓಡಾಟವಾಯಿತು. "ಒಂದು ಸಲ ಅಂದಿದ್ರ ಏನು ಸವೀತಿತ್ತು?" ಅಂತ ಅವನು ಬೈದರೆ, "ನೀವು ಸವೀತಿದ್ರಿ" ಅಂದಳು. ಗಂಡನ ಹೆಸರು ಬಾಯಿಗೆ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅನ್ನುವ ಹೆದರಿಕೆ ಅದು.

ಶ್ರೀಮಂತ ಸುತ್ತಿಗೆ ಹಿಡಿಯಲಿಲ್ಲ. ಅಕ್ಕ ಮಂಗಲಾ ಹತ್ತನೆಯ ಇಯತ್ತೆ ಮುಗಿಸಿ ಸಂಭಾಜಿನಗರದ ಅಂಚಿನ ಚಿಕಲಠಾಣಾದ ಒಂದು ಔಷಧಿ ಅಂಗಡಿಗೆ ಕೆಲಸಕ್ಕೆ ಸೇರಿ, ಅಲ್ಲೇ ಲಗ್ನವಾಗಿ ಉಳಿದಳು. ಶ್ರೀಮಂತ ನಾಸಿಕದಲ್ಲಿ ಫಿಟ್ಟರ್ ಕೆಲಸ ಕಲಿತ. ಸೇರುವಾಗ ಅರ್ಜಿಯಲ್ಲಿ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ಖಾನೆ. ಇವರಿಗೆ ಅಡ್ಡಹೆಸರಿಲ್ಲ. ಮೂರನೆಯ ಖಾನೆಗೆ ಗೀಟು ಎಳೆದು, ಶ್ರೀಮಂತ ಮಾಳಪ್ಪ ಅಂತ ಎರಡೇ ಮಾತು ಬರೆದುಕೊಟ್ಟ. ಮುಂದೆ ಎಲ್ಲ ಕಾಗದದಲ್ಲೂ ಆ ಎರಡೇ ಮಾತು.

ಅಲ್ಲಿಂದ ಚಿಕಲಠಾಣಾದ ಒಂದು ಕಾರಖಾನೆಗೆ ಶಿಕಾಊ ಆಗಿ ಹೋದ. ಅಂದರೆ ಕೆಲಸ ಕಲಿಯುವ ಹುಡುಗ. ಕಲಿಯುವುದು ಎಂಟು ದಿನ, ಉಳಿದ ಹನ್ನೊಂದು ತಿಂಗಳು ಮೂರು ವಾರ ಹಳೆಯ ಕಾಮಗಾರರು ಮಾಡುವ ಕೆಲಸವನ್ನೇ ಮಾಡುವುದು. ವರ್ಷ ತುಂಬಿದ ದಿನ ಒಂದು ಸರ್ಟಿಫಿಕೇಟು, ಒಂದು ಗುಲಾಬಿ ಹೂವು. ಮರುದಿನ ಅದೇ ಯಂತ್ರದ ಮುಂದೆ ಹೊಸ ಶಿಕಾಊ ನಿಂತಿರುತ್ತಾನೆ. ಇದರಿಂದ ರೋಸಿದ ಹುಡುಗ ಹುಡುಗಿಯರು ಆ ವರ್ಷ ಒಟ್ಟಾದರು. ಕಲಿತವರನ್ನು ಇಟ್ಟುಕೊಳ್ಳಿ ಅನ್ನುವುದು ಅವರ ಒಂದೇ ಮಾತು. ಆ ಮಾತು ಹೊತ್ತು, ನಾಸಿಕದಲ್ಲಿ ಕೂಡಿ, ಅಲ್ಲಿಂದ ಚಿಕಲಠಾಣಾದ ಕಾರಖಾನೆಗಳವರೆಗೆ ನಡೆದೇ ಹೋಗುವುದೆಂದು ಹೊರಟರು, ನಾಲ್ಕುನೂರು ಜನ. ಚಾಂದವಡದ ಮೇಲೆ ಹಾದಾಗ ಶ್ರೀಮಂತ ಖಣಿಗೆ ಓಡಿಬಂದು ಅವ್ವನ ಕೈಯ ರೊಟ್ಟಿ ಕಟ್ಟಿಸಿಕೊಂಡು ಹೋದ. ಅವನ ಚಪ್ಪಲಿಯ ಉಂಗುಷ್ಠ ಕಿತ್ತಿತ್ತು, ತಂತಿ ಬಿಗಿದುಕೊಂಡಿದ್ದ. "ಹಿಂಗ ನಡದ್ರ ಯಾರರ ನೌಕರಿ ಕೊಡ್ತಾರೇನೋ?" ಅಂತ ಮಾಳಪ್ಪ ಕೇಳಿದ. "ಕೂತ್ರೂ ಕೊಡವಲ್ರು ಯಪ್ಪಾ," ಅಂದ ಮಗ.

ಐದನೆಯ ಬೆಳಗು, ಗಂಗಾಪುರದ ದಾರಿ ಕೂಡುವಲ್ಲಿ, ಮಂಜು ಇನ್ನೂ ಕರಗಿರಲಿಲ್ಲ. ರಸ್ತೆ ಪಕ್ಕ ಎದ್ದು ಮುಖ ತೊಳೆಯುತ್ತಿದ್ದವರ ಮೇಲೆ ಒಂದು ಲಾರಿ ಹತ್ತಿತು. ಏಳು ಜನ ಹೋದರು. ಅವರಲ್ಲಿ ಶ್ರೀಮಂತನೂ ಒಬ್ಬ, ಇಪ್ಪತ್ತೆರಡು ವರ್ಷ.

ಅದಾಗಿ ಎರಡು ವರ್ಷಕ್ಕೆ ಹುಡುಗರು ಕೇಳಿದ್ದರಲ್ಲಿ ಅರ್ಧ ಸಿಕ್ಕಿತು. ಚಿಕಲಠಾಣಾದಲ್ಲಿ, ಅವರು ನಡೆದು ಮುಟ್ಟಬೇಕಿದ್ದ ಚೌಕದಲ್ಲಿ, ಒಂದು ಸ್ಮಾರಕ ನಿಲ್ಲಿಸುವುದೆಂದು ಸಮಿತಿಯಾಯಿತು. ಒಂದೇ ಕರಿಕಲ್ಲು, ಅದರ ಮೇಲೆ ಏಳು ಹೆಸರು. ಕೆಲಸ ಹಿಡಿದದ್ದು ಬೀದರದ ಬಸವಕುಮಾರ. ಹತ್ತಾರು ವರ್ಷದಿಂದ ಸಂಭಾಜಿನಗರದಲ್ಲಿ ಕಲ್ಲು, ಫರ್ಶಿ ವ್ಯಾಪಾರ ಮಾಡಿಕೊಂಡವನು. ಕಲ್ಲು ಆರಿಸಲು ಅವನು ಚಾಂದವಡಕ್ಕೆ ಬಂದಾಗ ಮಾಳಪ್ಪ ಎದ್ದು ನಿಂತು ತಲೆಯ ರುಮಾಲು ತೆಗೆದ.

"ಸಾವ್ಕಾರ್ರ, ಈ ಕಲ್ಲು ನಾ ಮಾಡ್ತೀನ್ರಿ."

"ಮಾಳಪ್ಪಾ, ನಿನ್ನ ಕೈ ಚಲೋನೇ ಅದ. ಖರೆ ಆ ಏಳ್ರಾಗ ನಿನ್ನ ಮಗ ಅದಾನ."

"ಅದಕ್ಕೇ ಅನ್ಲಾಕತ್ತೀನ್ರಿ."

ಬಸವಕುಮಾರ ಕಲ್ಲಿನ ಅಂಚಿಗೆ ಬೆರಳು ಆಡಿಸಿ ನೋಡಿದ. ಆಮೇಲೆ ಅಂದ: "ಆಯ್ತು. ಆದ್ರ ನೀ ಅವನ ಅಪ್ಪ ಅಂತ ಸಮಿತಿಯವ್ರ ಮುಂದ ಬಾಯಿ ಬಿಡಬ್ಯಾಡ. ಸತ್ತವ್ರ ಅಪ್ಪನ ಕೈಲೆ ದುಡಿಸ್ಕೊಂಡಾರಂತ ಪೇಪರಿನ್ಯಾಗ ಬಂದ್ರ ನನಗ ತ್ರಾಸ."

ಈ ಒಂದು ಮಾತಿಗೆ ಮಾಳಪ್ಪ ಹೂಂ ಅಂದ. ಹೂಂ ಅನ್ನದೆ ಇದ್ದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲವೇನೋ. ಆದರೆ ಅವನಿಗೆ ಬೇಕಿದ್ದದ್ದು ಒಂದೇ. ಮಗನಿಗೆ ತಾನು ಒಂದು ತೊಟ್ಟಿಲು ಮಾಡಿರಲಿಲ್ಲ, ಒಂದು ಗೋಡೆ ಕಟ್ಟಿರಲಿಲ್ಲ. ಈ ಹೆಸರೊಂದು ತನ್ನ ಕೈಯಿಂದ ಆಗಬೇಕು.

ಮೂರು ವಾರ ಮಲಕವ್ವ ಕಲ್ಲಿಗೆ ಮುಖ ತೆಗೆದಳು. ಅಂಗೈ ಆಡಿಸಿದರೆ ಎಲ್ಲೂ ತಡೆಯಬಾರದು, ಹಾಗೆ. ಕಲ್ಲು ಲಾರಿಯಲ್ಲಿ ಚಿಕಲಠಾಣಾಕ್ಕೆ ಹೋಗಿ ಕಟ್ಟೆಯ ಮೇಲೆ ನಿಂತಿತು. ಗಂಡ ಹೆಂಡತಿ ಅಲ್ಲೇ ತಗಡಿನ ಶೆಡ್ಡು ಹಾಕಿಕೊಂಡರು. ಒಂದು ದಿನ ಸಮಿತಿಯ ಪಟ್ಟಿ ಹಿಡಿದು ಪೇಂಟರ್ ಬಂದ, ಏಳು ಸಾಲು ಬಿಳಿ ಬಣ್ಣದಲ್ಲಿ ಬರೆದ. ಮಾಳಪ್ಪ ಎರಡನೆಯ ಇಯತ್ತೆ ಓದಿದವನು, ಅದೂ ಕನ್ನಡ ಸಾಲೆ. ಮರಾಠಿಯ ಅಕ್ಷರ ಅವನಿಗೆ ಗೊತ್ತಿಲ್ಲ. ಬಣ್ಣದ ಗೆರೆ ಎಲ್ಲಿದೆಯೋ ಅಲ್ಲಿ ಚಾಣ ಇಟ್ಟು ಹೊಡೆಯುತ್ತ ಹೋಗುವುದಷ್ಟೇ. ಇಪ್ಪತ್ತು ವರ್ಷದಿಂದ ಗುಡಿಯ ಕಲ್ಲು, ದಾನಿಗಳ ಕಲ್ಲು, ಬುನಾದಿಯ ಕಲ್ಲು ಎಲ್ಲ ಹಾಗೇ ಕಡೆದಿದ್ದ, ಒಂದು ಕಾನಾ, ಅಂದರೆ ದೀರ್ಘದ ಗೆರೆ, ಸಹ ತಪ್ಪಿರಲಿಲ್ಲ.

ಪೇಂಟರನಿಗೆ ಒಂದೇ ಮಾತು ಕೇಳಿದ. ಮಗ ಅಂತ ಹೇಳುವ ಹಾಗಿಲ್ಲವಲ್ಲ. ಅದಕ್ಕೆ, "ಮಾಳಪ್ಪ ಅಂತ ಬರೋ ಸಾಲು ಯಾವ್ದು?" ಅಂದ.

"ಐದನೇದು," ಅಂದ ಪೇಂಟರ್.

ಆ ಸಾಲು ಗಿಡ್ಡಗಿತ್ತು. ಉಳಿದವರದು ಮೂರು ಮೂರು ಮಾತಿನ ಉದ್ದುದ್ದ ಸಾಲು. ನಮ್ಮದು ಮೊದಲಿಂದ ಗಿಡ್ಡ ಹೆಸರೇ ಅಂದುಕೊಂಡ ಮಾಳಪ್ಪ. ಉಳಿದ ಆರು ಹೆಸರನ್ನು ಅಕ್ಕಿಕಾಳಿನಷ್ಟು ಆಳಕ್ಕೆ ಕಡೆದ. ಐದನೆಯದನ್ನು ಅರ್ಧ ಬೆರಳು ಇಳಿಸಿದ. ಮಳೆ ಗಾಳಿಗೆ ಹಳೆಯ ಕಲ್ಲುಗಳ ಅಕ್ಷರ ಅಳಿಸಿಹೋದದ್ದನ್ನು ಅವನು ಕಂಡಿದ್ದ. ನೂರು ವರ್ಷವಾದರೂ ಬೆರಳಿಟ್ಟರೆ ಸಿಗಬೇಕು ಮಗ. ಆ ಒಂದು ಸಾಲಿಗೆ ನಾಲ್ಕು ದಿನ ತೆಗೆದುಕೊಂಡ. ಅಕ್ಷರದ ಒಳಬದಿಗೂ ಸಣ್ಣ ಚಾಣ ಆಡಿಸಿ ನಯ ಮಾಡಿದ.

ಉದ್ಘಾಟನೆಗೆ ಐದು ದಿನ ಇತ್ತು. ಮಂಗಲಾ ಮಧ್ಯಾಹ್ನ ಅಂಗಡಿಯಿಂದ ಬರುತ್ತ ಊಟದ ಡಬ್ಬಿ ತಂದಳು.

"ನೀ ಓದ್ತಿ ಅಲ್ಲ, ಓದವ್ವ," ಅಂದ ಮಾಳಪ್ಪ. "ನಿಮ್ಮವ್ವಗ ಕೇಳಸ್ಲಿ."

ಮಂಗಲಾ ಒಂದೊಂದೇ ಓದಿದಳು. ನಾಲ್ಕು ಹೆಸರಾಯಿತು. ಐದನೆಯದಕ್ಕೆ ನಿಂತಳು. ಹತ್ತಿರ ಹೋಗಿ ಮತ್ತೊಮ್ಮೆ ನೋಡಿದಳು.

"ಯಾಕ, ಅಕ್ಷರ ತಪ್ಯಾವೇನು?"

"ಅಕ್ಷರ ಬರೋಬರ್ ಅವ ಯಪ್ಪಾ. ಶ್ರೀಮಂತ ಇಲ್ಲ."

"ಇಲ್ಲ ಅಂದ್ರ?"

"ನಿಮ್ಮ ಹೆಸರು ಅದ. ಬರೇ ನಿಮ್ದು. ಮಾಳಪ್ಪಾ ಅಂತ ಅಷ್ಟೇ ಅದ, ಖಲಾಸ್."

ಮಲಕವ್ವ ಎರಡೂ ಕಿವಿ ಮುಚ್ಚಿಕೊಂಡಳು. ಮಾಳಪ್ಪ ನಕ್ಕ, ನಂಬಲಿಲ್ಲ. "ಅವನ ಬೆನ್ನಿಗೆ ನಂದು ಇರ್ತದವ್ವ, ಈ ಕಡೆ ರಿವಾಜು. ಮೊದಲಿಂದು ಓದು."

"ಮುಂದ ಹಿಂದ ಏನೂ ಇಲ್ಲ." ಮಂಗಲಾ ಅಪ್ಪನ ಬೆರಳು ಹಿಡಿದು ಅಕ್ಷರದೊಳಗೆ ಆಡಿಸಿದಳು. "ಇದು ಮಾ. ಇದು ಳ. ಇದು ಪ್ಪಾ. ನೋಡ್ರಿ."

ಬೆರಳು ಅರ್ಧದವರೆಗೂ ಒಳಗೆ ಹೋಯಿತು. ಮಾಳಪ್ಪ ಕಟ್ಟೆಯ ಮೇಲೆ ಕೂತುಬಿಟ್ಟ. ಸತ್ತವರ ಸಾಲಿನಲ್ಲಿ ತನ್ನನ್ನು ತಾನೇ ಕಡೆದುಕೊಂಡಿದ್ದ, ಮಗನ ಗುರುತು ಎಲ್ಲೂ ಇರಲಿಲ್ಲ. ಮಲಕವ್ವ ಗಂಡನ ಹೆಗಲು, ತೋಳು, ಮೊಣಕೈ ಒಂದೊಂದೇ ಮುಟ್ಟಿ ನೋಡುತ್ತಿದ್ದಳು. 

ಸುದ್ದಿ ಕೇಳಿ ಓಡಿಬಂದ ಬಸವಕುಮಾರ ಸಮಿತಿಗೆ ಫೋನು ಮಾಡಿದ. ಸಂಜೆಯ ಹೊತ್ತಿಗೆ ಸಮಿತಿಯ ಕಡೆಯಿಂದ ವೈಷ್ಣವಿ ಬಂದಳು. ಇಪ್ಪತ್ತೈದರ ಹುಡುಗಿ, ತಾನೂ ಶಿಕಾಊ ಆಗಿದ್ದವಳು, ಆ ನಾಲ್ಕೂ ದಿನ ನಡೆದವಳು. ಪಟ್ಟಿ ಮಾಡಿದ್ದು ಅವಳೇ. ಬಂದವಳು ಕಲ್ಲನ್ನೂ ಬಸವಕುಮಾರನನ್ನೂ ನೋಡಿ ಮರಾಠಿಯಲ್ಲಿ, "ಏನು ತಪ್ಪಾಗಿದೆ? ಪಟ್ಟಿಯಲ್ಲಿ ಇದ್ದದ್ದೇ ಇದೆಯಲ್ಲ" ಅಂದಳು.

"ಮಾಳಪ್ಪ ಸತ್ತಿಲ್ಲ ತಾಯಿ," ಅಂದ ಬಸವಕುಮಾರ. "ನಿಮ್ಮ ಮುಂದೇ ನಿಂತಾನ. ಸತ್ತದ್ದು ಅವನ ಮಗ ಶ್ರೀಮಂತ."

ವೈಷ್ಣವಿ ಮಾಳಪ್ಪನ ಮುಖ ನೋಡಿದಳು. ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

"ಆ ಮಾತನ್ನು ನಾನೇ ಹೊಡೆದು ಹಾಕಿದೆ," ಅಂದಳು. "ದವಾಖಾನೆಯ ಕಾಗದದಲ್ಲಿ ಶ್ರೀಮಂತ ಮಾಳಪ್ಪ ಅಂತ ಇತ್ತು. ಅಡ್ಡಹೆಸರಿಲ್ಲ. ಯಾರೋ ಮರ್ಯಾದೆಗೆ ಸೇರಿಸಿದ್ದಾರೆ ಅಂದುಕೊಂಡೆ. ನಾವು ದುಡಿಯುವವರು, ನಮ್ಮ ಕಲ್ಲಿನ ಮೇಲೆ ಶ್ರೀಮಂತ ಗೀಮಂತ ಬೇಡ, ಎಲ್ಲರೂ ಸಮ ಅಂತ ಸಭೆಯಲ್ಲಿ ಹೇಳಿ ಗೀಟು ಎಳೆದೆ. ಎಲ್ಲರೂ ಚಪ್ಪಾಳೆ ಹೊಡೆದರು."

"ನೀ ಅವನ ಜೋಡಿ ನಡದಿಲ್ಲೇನವ್ವ?" ಮಾಳಪ್ಪ ಕೇಳಿದ.

"ನಡೆದೆ. ಒಂದೇ ಬಾಟಲಿಯ ನೀರು ಕುಡಿದೆವು. ಚಪ್ಪಲಿಗೆ ತಂತಿ ಕಟ್ಟಿಕೊಂಡಿದ್ದ ಹುಡುಗ." ಅವಳು ತಲೆ ತಗ್ಗಿಸಿದಳು. "ನಾವೆಲ್ಲ ಅವನನ್ನು ಕಾನಡಿ ಅಂತಿದ್ದೆವು ಕಾಕಾ. ಕನ್ನಡದವನು ಅಂತ. ಅವನೂ ಹಾಗೆಂದರೆ ತಿರುಗಿ ನೋಡುತ್ತಿದ್ದ. ಹೆಸರು ಕೇಳಲಿಲ್ಲ."

 ಮಲಕವ್ವ ಒಳಗಿಂದ ನೀರು ತಂದು ಆ ಹುಡುಗಿಯ ಮುಂದೆ ಇಟ್ಟಳು.

ಮರುದಿನ ಸಮಿತಿಯ ಆಫೀಸಿನಲ್ಲಿ ಎಲ್ಲರೂ ಕೂತರು. ಹೊಸ ಕಲ್ಲು ತರಲು ಹೊತ್ತಿಲ್ಲ. ಇಡೀ ಮುಖವನ್ನು ಇಳಿಸಿ ಏಳೂ ಹೆಸರು ಮತ್ತೆ ಕಡೆಯಲು ಹದಿನೈದು ದಿನ ಬೇಕು. ದೊಡ್ಡವರ ತಾರೀಖು ಸಿಕ್ಕಿಯಾಗಿದೆ, ಕಾರ್ಡು ಹಂಚಿಯಾಗಿದೆ. ಅಧ್ಯಕ್ಷರು ಕೆಟ್ಟ ಮನುಷ್ಯರಲ್ಲ. ಮಾಳಪ್ಪನನ್ನು ಕುರ್ಚಿಯ ಮೇಲೆ ಕೂರಿಸಿದರು, ಚಹಾ ತರಿಸಿದರು.

"ಎಡಗಡೆ ಜಾಗ ಇದೆಯಲ್ಲ," ಅಂದರು. "ಶ್ರೀಮಂತ ಅಂತ ಮೊದಲಿಗೆ ಸೇರಿಸಿಬಿಡು. ಸರಿಯಾಯಿತು."

ಮಂಗಲಾ ಅಪ್ಪನ ಪರವಾಗಿ ಮಾತಾಡಿದಳು. "ಆಗ ಓದುವವರು ಶ್ರೀಮಂತ ಮಾಳಪ್ಪಾ ಅಂತ ನಮ್ಮಪ್ಪನಿಗೇ ಪೇಟ ಕಟ್ಟುತ್ತಾರೆ. ವೈಷ್ಣವಿಯವರು ಓದಿದ ಹಾಗೇ."

"ತಿರುವಿ ಹಾಕಿದ್ರ?" ಅಂದ ಬಸವಕುಮಾರ. "ಮೊದಲ ಮಾಳಪ್ಪ, ಹಿಂದ ಶ್ರೀಮಂತ."

"ಆಗ ನಮ್ಮಪ್ಪ ಸತ್ತಾಂಗ ಆಗ್ತದ ಅಣ್ಣಾ, ಶ್ರೀಮಂತ ಅವನ ಅಪ್ಪ ಆಗ್ತಾನ."

ಒಂದಿಬ್ಬರಿಗೆ ನಗು ಬಂತು, ತಡೆದುಕೊಂಡರು. "ಮಾಳಪ್ಪನ ಮಗ ಅಂತ ಬಿಡಿಸಿ ಬರೆಯೋಣ," ಅಂದಳು ವೈಷ್ಣವಿ. ಅಧ್ಯಕ್ಷರು ತಲೆ ಆಡಿಸಿದರು. ಒಬ್ಬರಿಗೆ ಬರೆದರೆ ಏಳೂ ಮನೆಯವರು ಕೇಳುತ್ತಾರೆ. ಮಂಜೂರಾದ ಮಾತಿಗೆ ಹೊಸ ಮಾತು ಕೂಡಿಸುವ ಹಾಗಿಲ್ಲ. ಕಾಗದದಲ್ಲಿದ್ದದ್ದು ಎರಡು ಮಾತು, ಅದರೊಳಗೇ ಏನಾದರೂ ಮಾಡಿಕೊಳ್ಳಲಿ. ಇಲ್ಲವೆಂದರೆ ಇದ್ದ ಹಾಗೇ ಇರಲಿ. "ಬದುಕಿರುವಾಗಲೇ ಕಲ್ಲಿನ ಮೇಲೆ ಹೆಸರು ಬರುವ ಭಾಗ್ಯ ಎಷ್ಟು ಜನಕ್ಕಿದೆ ಮಾಳಪ್ಪಾ," ಅಂದರು. ಸಮಾಧಾನಕ್ಕೇ ಅಂದದ್ದು.

ಮಾಳಪ್ಪ ಚಹಾ ಕುಡಿಯದೆ ಎದ್ದ. ತಗಡಿನ ಶೆಡ್ಡಿಗೆ ಬಂದು ಹೆಂಡತಿಯ ಮುಂದೆ ಕೂತ.

"ನನ್ನ ಹೆಸರು ತಗೀಬೇಕು," ಅಂದ. "ಅವನ್ದು ಒಂದೇ ಇರ್ಲಿ. ಅಪ್ಪ ಇಲ್ಲದಾಂವ ಅಂದ್ಕೊಂಡ್ರೂ ಅಂದ್ಕೊಳ್ಲಿ."

"ನೀವು ಮುಟ್ಟಬ್ಯಾಡ್ರಿ," ಅಂದಳು ಮಲಕವ್ವ. "ಮುಖದ ಕೆಲಸ ನಂದು."

ಕಲ್ಲಿನ ಮೇಲೆ ಅಳಿಸುವುದು ಅಂತ ಒಂದಿಲ್ಲ. ಅಕ್ಷರ ಎಷ್ಟು ಆಳಕ್ಕಿದೆಯೋ ಅಷ್ಟೂ ಸುತ್ತಲಿನ ಕಲ್ಲನ್ನು ಇಳಿಸಬೇಕು. ಉಳಿದ ಆರರಲ್ಲಿ ಯಾವುದೇ ಹೆಸರಾಗಿದ್ದರೂ ಅರ್ಧ ದಿನದಲ್ಲಿ ಹೋಗುತ್ತಿತ್ತು, ಗುರುತೂ ಉಳಿಯುತ್ತಿರಲಿಲ್ಲ. ಪ್ರೀತಿಗೆ ಆಳ ಇಳಿಸಿದ್ದು ಈ ಒಂದೇ ಸಾಲು. ಮಲಕವ್ವ ಬೆಳಗಾದರೆ ಕಟ್ಟೆ ಹತ್ತುತ್ತಿದ್ದಳು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿ ಬಾಯಲ್ಲಿ ಆಡದ ಹೆಸರು ಅದು. ಅದರ ಮೇಲೆ ಸುತ್ತಿಗೆ ಬೀಳುವಾಗ ಅವಳು ಏಟಿಗೊಮ್ಮೆ ತಿರುಗಿ ಕೆಳಗೆ ಕೂತ ಗಂಡನನ್ನು ನೋಡುತ್ತಿದ್ದಳು.

"ಅದೀನಿ, ಹೊಡಿ," ಅನ್ನುತ್ತಿದ್ದ ಮಾಳಪ್ಪ.

"ಕೆಮ್ಮಿದ್ರಿ."

"ಧೂಳಿಗೆ ಕೆಮ್ಮಿದೆ. ಹೊಡಿ."

ಎರಡನೆಯ ದಿನ ಅವಳ ಕೈ ನಿಂತುಹೋಯಿತು. ಪ್ಪಾ ಅನ್ನುವುದು ಹೋಗಿತ್ತು, ಮಾ ಮತ್ತು ಳ ಇನ್ನೂ ಇದ್ದವು. ಕೆಳಗಿಳಿದು ಬಂದು ಗಂಡನ ಕಾಲ ಹತ್ತಿರ ಕೂತಳು. "ನನ್ನ ಕೈಲೇ ಎದಕ್ಕ ಇದು," ಅಂದಳು. "ಮಗನ್ನ ಕೊಟ್ಟಿದ್ದು ಸಾಲಲಿಲ್ಲೇನು." ಮಾಳಪ್ಪ ಅವಳ ಬೆರಳಿಗೆ ಬಟ್ಟೆ ಸುತ್ತಿ, ಸುತ್ತಿಗೆ ಮತ್ತೆ ಕೈಗೆ ಕೊಟ್ಟ. ಕೊಡದೆ ಗತಿಯಿರಲಿಲ್ಲ. ಎರಡು ದಿನ ಉಳಿದಿತ್ತು.

ಮೂರನೆಯ ದಿನದ ಕೊನೆಗೆ ಐದನೆಯ ಸಾಲು ಇದ್ದಲ್ಲಿ ಅರ್ಧ ಬೆರಳು ಆಳದ ಒಂದು ಪಟ್ಟಿ ಉಳಿಯಿತು, ಬಾಗಿಲು ಮುಚ್ಚಿದ ಗೂಡಿನಂತೆ. ಸಪಾಟು ಮುಖದ ನಡುವೆ ಇಂಥ ತಗ್ಗು ಬಿಟ್ಟರೆ ಖಣಿಯಲ್ಲಿ ಯಾರೂ ಕೂಲಿಗೆ ಕರೆಯುವುದಿಲ್ಲ. ಪೇಂಟರ್ ಬಂದು ಆ ತಗ್ಗಿನಲ್ಲಿ ಶ್ರೀಮಂತ ಅಂತ ಬರೆದುಕೊಟ್ಟ. ಈ ಸಲ ಮಾಳಪ್ಪ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ. ಪ್ರತಿ ಅಕ್ಷರ ಕಡೆದ ಮೇಲೆ, "ಇದೇನಾತು?" ಅಂತ ಕೇಳುವುದು, ಅವಳು ಶ್ರೀ ಅನ್ನುವುದು, ಮಂ ಅನ್ನುವುದು. ತ ಮುಗಿದಾಗ ಉದ್ಘಾಟನೆಯ ದಿನದ ಬೆಳಗಾಗಿತ್ತು. ಮಲಕವ್ವ ಆ ಸಾಲನ್ನು ಸೀರೆಯ ಸೆರಗಿನಿಂದ ಒರೆಸಿ, ಹಣೆ ಹಚ್ಚಿ ಇಳಿದಳು.

ಹತ್ತು ಗಂಟೆಗೆ ಮಂಟಪ ತುಂಬಿತು. ಸತ್ತವರ ಮನೆಯವರಿಗೆ ಮುಂದಿನ ಸಾಲಿನ ಕುರ್ಚಿ. ವೈಷ್ಣವಿ ಬಂದು ಇವರನ್ನೂ ಕರೆದಳು, ಆದರೆ ಮಲಕವ್ವ ಕಲ್ಲಿನ ಧೂಳಿನ ಸೀರೆಯಲ್ಲಿದ್ದಳು, ಕೂಲಿಯವರ ಜೊತೆ ಬದಿಯಲ್ಲೇ ನಿಂತರು. ಪರದೆ ಸರಿಯಿತು. ನಿರೂಪಣೆಗೆ ಹೊರಗಿನ ಒಬ್ಬ ದೊಡ್ಡ ದನಿಯ ಮನುಷ್ಯನನ್ನು ಕರೆಸಿದ್ದರು. ಅವನು ಕಲ್ಲು ನೋಡಿಕೊಂಡೇ ಒಂದೊಂದು ಹೆಸರು ಕೂಗುವುದು, ಜನ ಅಮರ ರಹೇ ಅನ್ನುವುದು. ನಾಲ್ಕು ಹೆಸರಾಯಿತು.

ಮಾಳಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಶ್ರೀಮಂತ," ಅಂತ ಓದಿದ ನಿರೂಪಕ, ದನಿಯನ್ನು ಮೇಲೇ ಇಟ್ಟು ತಡೆದ. ಮುಂದಿನ ಮಾತಿಗಾಗಿ ಅವನ ಕಣ್ಣು ತಗ್ಗಿನಲ್ಲಿ ಅತ್ತಿತ್ತ ಹುಡುಕಿತು. ಸಿಗಲಿಲ್ಲ. ಕೆಳಗಿನ ಸಾಲಿಗೆ ಇಳಿಯಿತು. ಅಲ್ಲಿ ತನ್ಮಯ ಅನ್ನುವ ಹುಡುಗನ ಹೆಸರು. "ಶ್ರೀಮಂತ ತನ್ಮಯ," ಅಂತ ಅವನ ಪೂರ್ತಿ ಹೆಸರು ಹಿಡಿದು ಮೊಳಗಿಸಿದ. ಜನ ಅಮರ ರಹೇ ಅಂದರು. ಅವನು ಏಳನೆಯದಕ್ಕೆ ಹೋದ.

ಮಂಗಲಾ ಅಪ್ಪನ ತೋಳು ಹಿಡಿದುಕೊಂಡಳು. ಮರಾಠಿ ಅಷ್ಟಾಗಿ ತಿಳಿಯದ ಮಲಕವ್ವ, "ಬಂತೇನು? ನಮ್ದು ಬಂತೇನು?" ಅಂತ ಕೇಳುತ್ತಲೇ ಇದ್ದಳು.

ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದಳು. ತನ್ಮಯನ ತಾಯಿ ಶಾಂತಾಬಾಯಿ. "ನನ್ನ ಮಗ ಶ್ರೀಮಂತ ಅಲ್ಲ," ಅಂದಳು. "ಅದು ಬೇರೆ ಹುಡುಗ. ಹೆಸರು ಆರೇ ಆದವು, ಒಂದು ಬಿಟ್ಟಿರಿ."

ನಿರೂಪಕನಿಗೆ ಅರ್ಧ ಕೇಳಿಸಿತು. ಕೈಮುಗಿದು, ದನಿ ತುಂಬಿ ಹೇಳಿದ: "ಹಾಗನ್ನಬೇಡಿ ತಾಯಿ. ನಾಡಿಗಾಗಿ ಪ್ರಾಣ ಕೊಟ್ಟವರು ಎಲ್ಲರೂ ಶ್ರೀಮಂತರೇ."

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಷ್ಟು ಹೊತ್ತಿನ ಚಪ್ಪಾಳೆ ಆ ದಿನ ಇನ್ನಾವುದಕ್ಕೂ ಬೀಳಲಿಲ್ಲ. ಶಾಂತಾಬಾಯಿ ನಿಂತೇ ಇದ್ದಳು, ಯಾರೋ ಕೈಹಿಡಿದು ಕೂರಿಸಿದರು. ವೈಷ್ಣವಿ ವೇದಿಕೆಯ ಹಿಂದಿನಿಂದ ಮೈಕಿನ ಕಡೆ ಹೋದಳು. ಅಷ್ಟರಲ್ಲಿ ರಾಷ್ಟ್ರಗೀತೆ ಸುರುವಾಯಿತು.

ಎಲ್ಲ ಮುಗಿದ ಮೇಲೆ ಮಾಳಪ್ಪ ಅಧ್ಯಕ್ಷರ ಬಳಿ ಹೋದ. ಬೇರೇನೂ ಕೇಳಲಿಲ್ಲ, ಹೆಸರಿನ ಮುಂದೆ ಒಂದು ಗೀಟು ಎಳೆಯಲು ಬಿಡಿ ಅಂದ. ಇಲ್ಲಿಗೆ ಮುಗಿಯಿತು ಅನ್ನುವ ಒಂದು ಉದ್ದ ಗೀಟು, ಒಂದು ತಾಸಿನ ಕೆಲಸ. ಅವರು ಅವನ ಹೆಗಲು ತಟ್ಟಿದರು. ಉದ್ಘಾಟನೆಯಾದ ಕಲ್ಲಿಗೆ ಇನ್ನು ಉಳಿ ಮುಟ್ಟಿಸುವ ಹಾಗಿಲ್ಲ, ಮುಂದಿನ ಸಭೆಯಲ್ಲಿ ನೋಡೋಣ ಅಂದರು.

ಬಸವಕುಮಾರನ ಟೆಂಪೋ ಬಂದು ನಿಂತಿತ್ತು. ಹಾಸಿಗೆ, ಪಾತ್ರೆ, ಚಾಣ ಸುತ್ತಿಗೆಯ ಚೀಲ ಎಲ್ಲ ಹೇರಿಯಾಗಿತ್ತು. ಮಲಕವ್ವ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದಳು, ಕರೆದರೆ ಏಳಲಿಲ್ಲ. ಕಾಲೇಜಿನ ಹುಡುಗಿಯರು ನಾಲ್ಕೈದು ಜನ ಫೋಟೋ ತೆಗೆಯಲು ಬಂದರು. ಒಬ್ಬಳು ಬೆರಳಿಟ್ಟು ಓದುತ್ತ ಬಂದು ತಗ್ಗಿನಲ್ಲಿ ನಿಂತಳು.

"ಶ್ರೀಮಂತ. ಪುಢೇ?" ಅಂದಳು. ಮುಂದೆ ಏನು ಅಂತ.

"ಮುಂದೆ ಏನಿಲ್ಲ," ಅಂದ ಮಾಳಪ್ಪ ತನಗೆ ಬರುವ ಮರಾಠಿಯಲ್ಲಿ. "ಅದೇ ಹೆಸರು. ಒಬ್ಬನೇ ಹುಡುಗ. ಇಪ್ಪತ್ತೆರಡು ವರ್ಷದವನು, ಫಿಟ್ಟರ್."

"ಯಾರ ಮಗ?"

ಅವನು ಎದೆ ಮುಟ್ಟಿ ತೋರಿಸಿದ. ಹುಡುಗಿ ಮೊಬೈಲು ಕೆಳಗಿಳಿಸಿದಳು. ಮತ್ತೆ ಕಲ್ಲಿನ ಕಡೆ ತಿರುಗಿ, ಆ ಹೆಸರು ಒಂದನ್ನೇ ಓದಿ ನಿಲ್ಲಿಸಿದಳು. ಮಲಕವ್ವ ಅದನ್ನು ಕೇಳಿಸಿಕೊಂಡಳು.

ಟೆಂಪೋದವನು ಹಾರ್ನ್ ಒತ್ತಿದ. "ಏಳು," ಅಂದ ಮಾಳಪ್ಪ.

"ನಾವು ಹೋದ್ರ ನಾಳಿ ಬಂದವ್ರಿಗಿ ಯಾರು ಹೇಳವ್ರು?"

"ಹಂಗಂತ ಇಲ್ಲೇ ಕೂಡೂದೇನು?"

"ನೀವು ಹೋಗ್ರಿ. ನಾ ಕೂಡ್ತೀನಿ."

ಮೂರನೆಯ ಹಾರ್ನಿಗೆ ಮಾಳಪ್ಪ ಟೆಂಪೋದ ಹತ್ತಿರ ಹೋಗಿ ಹಾಸಿಗೆ ಇಳಿಸಿಕೊಂಡ, ಪಾತ್ರೆ ಇಳಿಸಿಕೊಂಡ. "ತಲಿ ಕೆಟ್ಟದೇನೋ, ಚಾಂದವಡದಾಗ ನಿನ್ನ ಕೈಗೆ ಕೆಲಸ ಅದ, ಇಲ್ಲೇನದ?" ಅಂತ ಬಸವಕುಮಾರ ಫೋನಿನಲ್ಲಿ ಕೂಗುತ್ತಿದ್ದ. ಮಾಳಪ್ಪ ಚಾಣದ ಚೀಲವನ್ನು ಮಾತ್ರ ಟೆಂಪೋದಲ್ಲೇ ಬಿಟ್ಟ. ಇಲ್ಲಿ ಅದರ ಕೆಲಸವಿರಲಿಲ್ಲ.

ಈಗ ಅವನು ಚಿಕಲಠಾಣಾದ ರಸ್ತೆ ಬದಿಗಳಿಗೆ ಸಿಮೆಂಟಿನ ಬಿಲ್ಲೆ ಕೂರಿಸುತ್ತಾನೆ. ಯಂತ್ರದಲ್ಲಿ ಅಚ್ಚು ಹೊಡೆದ ಬಿಲ್ಲೆ, ಅದಕ್ಕೆ ಮುಖವೂ ಇಲ್ಲ ಬೆನ್ನೂ ಇಲ್ಲ ಅನ್ನುತ್ತಾನೆ. ಮಲಕವ್ವ ಮರಳು ಹೊರುತ್ತಾಳೆ. ಮುಂದಿನ ಸಭೆ ಇನ್ನೂ ಆಗಿಲ್ಲ. ವೈಷ್ಣವಿ ಎರಡು ಸಲ ಅರ್ಜಿ ಕೊಟ್ಟಿದ್ದಾಳೆ. ಕೆಲಸ ಬಿಟ್ಟ ಮೇಲೆ ಗಂಡ ಹೆಂಡತಿ ಚೌಕಕ್ಕೆ ಬಂದು ಕಲ್ಲಿನ ಎರಡು ಬದಿಗೆ ನಿಲ್ಲುತ್ತಾರೆ. ಓದಲು ಬಂದವರಿಗೆ ಐದನೆಯ ಸಾಲು ತೋರಿಸಿ, ಇಷ್ಟೇ ಹೆಸರು, ಇಲ್ಲಿ ನಿಲ್ಲಿರಿ ಅನ್ನುತ್ತಾರೆ. ಕೆಲವರು ನಿಲ್ಲುತ್ತಾರೆ. ಕೆಲವರು ಇವರು ಭಿಕ್ಷೆ ಕೇಳುತ್ತಿದ್ದಾರೆಂದು ತಿಳಿದು ಮುಂದೆ ಹೋಗುತ್ತಾರೆ. ತುಂಬ ದಿನ ಯಾರೂ ಬರುವುದೇ ಇಲ್ಲ. ಬೀದಿದೀಪ ಹತ್ತುವವರೆಗೆ ಕಾದು, ಮಲಕವ್ವ ತಗ್ಗಿನಲ್ಲಿ ಕೂತ ಧೂಳನ್ನು ಸೆರಗಿನ ತುದಿಯಿಂದ ತೆಗೆಯು­ತ್ತಾಳೆ, ಇಬ್ಬರೂ ಶೆಡ್ಡಿನ ಕಡೆ ನಡೆಯುತ್ತಾರೆ.